ಅತ್ತೆಯ ಗೆಡ್ಡೆ

ಬೋರ್ಡು ಬರೆಯುವ ಪೇಂಟರು ಹನ್ನೊಂದು ವರ್ಷದಿಂದ ಹಲ್ಲಿನ ಕ್ಲಿನಿಕ್ಕಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಪೇಟೆಯ ಅರ್ಧ ಅಂಗಡಿಗಳ ಹೆಸರು ಅವರ ಕೈಯಲ್ಲೇ ಮೂಡಿದ್ದು. ಆ ಕ್ಲಿನಿಕ್ಕಿನ ಬಾಗಿಲ ಮೇಲಿರುವ 'ನೋವಿಲ್ಲದೆ ಹಲ್ಲು ಕೀಳಲಾಗುವುದು' ಎಂಬುದನ್ನೂ ಏಣಿ ಹತ್ತಿ ಅವರೇ ಬರೆದಿದ್ದರು. ಅದರಲ್ಲಿ 'ನೋವಿಲ್ಲದೆ' ಎನ್ನುವ ಪದ ಮಾತ್ರ ಕೊಂಚ ವಾರೆ. ಒಳಗಿನಿಂದ ಯಾರೋ ಚೀರಿದ್ದು ಸರಿಯಾಗಿ ಆ ಪದದ ಹೊತ್ತಿಗೇ.

ಅವರ ಹೆಂಡತಿ ಸಸ್ಯಸಂಗ್ರಹಾಲಯದಲ್ಲಿ ಕೆಲಸಕ್ಕಿದ್ದರು. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಹೊಲಿದು, ಹೆಸರು ಬರೆದು, ಕಬ್ಬಿಣದ ಕಪಾಟುಗಳಲ್ಲಿ ಕಾಪಾಡುವ ಕಟ್ಟಡ ಅದು. ಇಪ್ಪತ್ತಾರು ವರ್ಷದಿಂದ ಕೆಸು, ಸುವರ್ಣಗೆಡ್ಡೆ ಮತ್ತು ಅವುಗಳ ಬಂಧುಬಳಗವನ್ನೇ ನೋಡಿಕೊಂಡು ಬಂದಿದ್ದರಿಂದ ಆಕೆಗೆ ಅಲ್ಲಿ 'ಗೆಡ್ಡೆ ಮೇಡಂ' ಎಂದೇ ಹೆಸರು. ಗಿಡದ ಎಲೆಯಲ್ಲಿ ಒಂದು ಗೆರೆ ಹೆಚ್ಚುಕಡಿಮೆಯಾದರೂ ಅವರ ಕಣ್ಣು ತಪ್ಪಿಸಿಕೊಳ್ಳುವಂತಿರಲಿಲ್ಲ. ಮನೆಯೊಳಗೆ ಅದೇ ಕಣ್ಣು ಬೇರೆ ಥರ ಕೆಲಸ ಮಾಡುತ್ತಿತ್ತು. ಪೇಂಟರು ಒಮ್ಮೆ ಮೀಸೆ ಬೋಳಿಸಿಕೊಂಡು ಬಂದಾಗ ಹದಿನೇಳನೆಯ ದಿನ, "ಏನೋ ಬದಲಾದ ಹಾಗಿದೆಯಲ್ಲ ರೀ, ಗೋಡೆಗೆ ಸುಣ್ಣ ಹೊಡೆಸಿದ್ರಾ?" ಎಂದು ಕೇಳಿದವರು ಅವರು.

ಒಂದು ದಿನ ಪೇಂಟರ ಬಲದವಡೆ ಊದಿ ಕಣ್ಣು ಮುಚ್ಚಿಹೋಗುವಂತಾಯಿತು. ಮೇಡಂ ಕೂಡ ಅದನ್ನು ಗಮನಿಸಿದರು ಎಂದ ಮೇಲೆ ಊತ ಎಷ್ಟಿತ್ತೆಂದು ನೀವೇ ಊಹಿಸಿ. ತೋಳು ಹಿಡಿದು ಎಳೆದುಕೊಂಡೇ ಹೋದರು.

ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಒಂದಕ್ಕೊಂದು ಬೆಸೆದ ನಾಲ್ಕು ಸ್ಟೀಲ್ ಕುರ್ಚಿ, ಮೀನುಗಳೆಲ್ಲ ತೀರಿಕೊಂಡು ನೀರು ಮಾತ್ರ ಉಳಿದಿದ್ದ ಗಾಜಿನ ತೊಟ್ಟಿ, ಮೇಜಿನ ಮೇಲೆ ಬಾಯಿ ತೆರೆದಿಟ್ಟ ಪ್ಲಾಸ್ಟರಿನ ದವಡೆ. ಆ ದವಡೆಯ ಹಿಂದೆ ಡಾಕ್ಟರ ಅತ್ತೆ. ಮಗಳು ಪರವೂರಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರಿಂದ ಮನೆ ಮತ್ತು ಕ್ಲಿನಿಕ್ಕು ಎರಡೂ ಅತ್ತೆಯ ಆಡಳಿತದಲ್ಲಿದ್ದವು. ಚೀಟಿ ಕೊಡುವುದು, ಹೆಸರು ಕೂಗುವುದು, ಅಳುವವರನ್ನು ಗದರುವುದು ಎಲ್ಲ ಅವರೇ. ಡಾಕ್ಟರಿಗೂ ಅವರೆಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

"ಕೂತ್ಕೊಳ್ಳಿ. ಒಳಗೆ ಹೋದ ಮೇಲೆ ಕೂಗೋದಿದ್ರೆ ಈಗಲೇ ಕೂಗಿಬಿಡಿ," ಎಂದರು ಅತ್ತೆ.

ಪೇಂಟರು ಹೆಂಡತಿಯ ಕೈ ಹಿಡಿದುಕೊಳ್ಳೋಣವೆಂದು ಪಕ್ಕಕ್ಕೆ ಕೈ ಚಾಚಿದರು. ಕೈ ಸಿಗಲಿಲ್ಲ. ಮೇಡಂ ಕಿಟಕಿಯ ಬಳಿ ಕುಕ್ಕುರುಗಾಲಲ್ಲಿ ಕೂತು, ಮಣ್ಣಿನ ಕುಂಡದಲ್ಲಿದ್ದ ಒಂಟಿ ಎಲೆಯ ಗಿಡವೊಂದನ್ನು ನೋಡುತ್ತಿದ್ದರು. ಮೊಣಕಾಲೆತ್ತರದ ದಂಟು, ಅದರ ಮೇಲೆ ಹರಿದ ಕೊಡೆಯಂತೆ ಹರಡಿದ ಎಲೆ. ದಂಟಿನ ತುಂಬ ಹಾವಿನ ಚರ್ಮದಂಥ ಗುಲಾಬಿ ಚುಕ್ಕೆ.

ಅರ್ಧ ಗಂಟೆಯ ಮೇಲೆ ಪೇಂಟರು ಕೆನ್ನೆಯೊಳಗೆ ಹತ್ತಿ ತುಂಬಿಕೊಂಡು, ಒಂದು ಹಲ್ಲು ಕಳೆದುಕೊಂಡು ಹೊರಬಂದಾಗಲೂ ಮೇಡಂ ಅಲ್ಲೇ ಕೂತಿದ್ದರು. ಡಾಕ್ಟರು ಪಟ್ಟಿ ಓದಿದರು. ಎರಡು ಹಲ್ಲಿಗೆ ರೂಟ್ ಕೆನಾಲ್, ನಾಲ್ಕು ಹುಳುಕಿಗೆ ಸಿಮೆಂಟು, ಒಂದಕ್ಕೆ ಟೋಪಿ. "ಎರಡೆರಡು ಸೇರಿಸಿ ಮಾಡಿದ್ರೆ ಒಂದು ತಿಂಗಳಲ್ಲಿ ಮುಗಿಯುತ್ತೆ."

"ಬೇಡ ಡಾಕ್ಟ್ರೇ," ಎಂದರು ಮೇಡಂ ಥಟ್ಟನೆ. "ಒಂದೊಂದೇ ಮಾಡಿ. ನಿಧಾನಕ್ಕೆ. ಇವರಿಗೆ ಸುಸ್ತಾಗುತ್ತೆ."

ದಾರಿಯಲ್ಲಿ ಅವರು ಗಂಡನ ಬೆನ್ನು ಸವರಿ, "ಇಷ್ಟು ವರ್ಷ ನಿಮ್ಮ ಬಾಯಿ ಬಗ್ಗೆ ನಾನು ಯೋಚನೆನೇ ಮಾಡಿರ್ಲಿಲ್ಲ ರೀ," ಎಂದರು. ಹಲ್ಲು ಹೋದರೂ ಹೆಂಡತಿ ಸಿಕ್ಕಳು ಎಂದು ಪೇಂಟರು ಹಿಗ್ಗಿದರು.

ಅಲ್ಲಿಂದ ಮುಂದೆ ಎರಡು ಮೂರು ವಾರಕ್ಕೊಮ್ಮೆ ಗಂಡಹೆಂಡತಿ ಜೋಡಿಯಾಗಿ ಕ್ಲಿನಿಕ್ಕಿಗೆ ಹೋಗುವುದು ಶುರುವಾಯಿತು. ಮೇಡಂ ಅರ್ಧ ದಿನ ರಜೆ ಹಾಕಿ ಬರುತ್ತಿದ್ದರು. ಒಳಗೆ ಹೋಗುವ ಮುನ್ನ ಗಂಡನನ್ನು ಕಿಟಕಿಯ ಬಳಿ ಕೂರಿಸಿ ಫೋಟೋ ತೆಗೆಯುತ್ತಿದ್ದರು. "ಸ್ವಲ್ಪ ಆ ಕಡೆ ಸರೀರಿ. ಇನ್ನೂ ಸ್ವಲ್ಪ. ಇನ್ನೂ." ಮೂರನೆಯ ಸಲ ಪೇಂಟರು ಹೊರಬಂದಾಗ ಮೇಡಂ ಕಣ್ಣು ಒದ್ದೆಯಾಗಿತ್ತು. ತನ್ನ ನೋವಿಗೆ ಇವಳು ಅಳುತ್ತಾಳಲ್ಲ ಎಂದು ಪೇಂಟರು ಹತ್ತಿ ಕಚ್ಚಿಕೊಂಡೇ ಸಮಾಧಾನ ಹೇಳಿದರು. ಆ ದಿನ ಕುಂಡದ ಎಲೆ ಹಳದಿಯಾಗಿ ಮಗುಚಿ ಬಿದ್ದಿತ್ತು ಎಂಬುದನ್ನು ಅವರು ನೋಡಿರಲಿಲ್ಲ.

ಗುಟ್ಟು ರಟ್ಟಾದದ್ದು ಆಮೇಲೆ. ಯಾವುದೋ ಅಂಗಡಿಯ ಬೋರ್ಡಿನ ಚಿತ್ರ ಹುಡುಕಲೆಂದು ಪೇಂಟರು ಹೆಂಡತಿಯ ಮೊಬೈಲು ತೆಗೆದರು. ಕ್ಲಿನಿಕ್ಕಿನಲ್ಲಿ ತೆಗೆದ ಅರವತ್ತಮೂರು ಫೋಟೋ ಇದ್ದವು. ಮೂರರಲ್ಲಿ ಪೇಂಟರ ಕಿವಿ ಇತ್ತು. ಒಂದರಲ್ಲಿ ಮೊಣಕೈ. ಉಳಿದುದರಲ್ಲೆಲ್ಲ ಕುಂಡ.

"ಏನಿದು?" ಎಂದು ಅವರು ಮೊಬೈಲನ್ನು ಹೆಂಡತಿಯ ಮುಖಕ್ಕೆ ಹಿಡಿದರು.

ಮೇಡಂಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮುಚ್ಚಿಡಲು ಮಾತ್ರ ಬರುತ್ತಿತ್ತು. "ಅದು ಸುವರ್ಣಗೆಡ್ಡೆ ಬಳಗದ್ದು ರೀ. ಆದ್ರೆ ಈವರೆಗೆ ಯಾರೂ ಹೆಸರಿಟ್ಟಿರೋ ಜಾತಿ ಅಲ್ಲ. ನಮ್ಮಲ್ಲಿರೋ ಹಾಳೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದ್ದೀನಿ. ಹೂ ನೋಡದೆ ಹೇಳೋ ಹಾಗಿಲ್ಲ. ಎಲೆ ಒಣಗಿ, ಗೆಡ್ಡೆ ಮಲಗಿ ಎದ್ದ ಮೇಲೆ ಹೂ ಬರ್ಬೇಕು. ಅಲ್ಲೀತನಕ ಹೋಗಿಬಂದು ನೋಡ್ತಾ ಇರ್ಬೇಕಲ್ಲ!"

"ಡಾಕ್ಟ್ರಿಗೆ ನೇರ ಹೇಳೋದಕ್ಕೇನಾಗಿತ್ತು?"

"ಹಿಂದೊಮ್ಮೆ ಬೇರೆ ಒಂದು ಗಿಡ ಕಂಡು ಹೂವಿನ ಅಂಗಡಿಯವನಿಗೆ ಹಾಗೇ ಹೇಳ್ದೆ, ಇದು ಅಪರೂಪದ್ದು ಕಣಪ್ಪ ಅಂತ. ಪ್ರೀತಿಯಿಂದ ದಿನಕ್ಕೆ ಮೂರು ಸಲ ನೀರು ಹಾಕಿ, ಒಂದೇ ವಾರದಲ್ಲಿ ಕೊಳೆಸಿ ಕೈಗೆ ಕೊಟ್ಟ. ಡಾಕ್ಟ್ರ ಅತ್ತೆ ಏನೂ ಗೊತ್ತಿಲ್ದೆ ಚೆನ್ನಾಗಿ ಬೆಳೆಸಿದ್ದಾರೆ. ಗೊತ್ತಾದ್ರೆ ಕೆಡುತ್ತೆ."

"ಹಾಗಾದ್ರೆ ನನ್ನ ಹಲ್ಲಿಗಿಂತ ಆ ಗೆಡ್ಡೆನೇ ಹೆಚ್ಚಾಯ್ತಾ ನಿನಗೆ?"

ಮೇಡಂ ಪ್ರಾಮಾಣಿಕವಾಗಿ ಯೋಚಿಸಿದರು. "ಹಲ್ಲು ಮೂವತ್ತೆರಡು ಇದ್ವು ರೀ. ಅದು ಒಂದೇ ಇರೋದು."

ಪೇಂಟರು ಎರಡು ದಿನ ಮಾತು ಬಿಟ್ಟರು. ಕೆಲಸದ ಮೇಲೂ ಮನಸ್ಸಿರಲಿಲ್ಲ, ಒಂದು ಔಷಧಿ ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರವೊಂದನ್ನು ನುಂಗಿಬಿಟ್ಟರು. ಮೂರನೆಯ ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದರು:

"ಆ ಹೂ ಬಂದ್ರೆ ಯಾವ ಬಣ್ಣ ಇರುತ್ತೆ?"

"ಗೊತ್ತಿಲ್ಲ. ಯಾರೂ ಬರೆದಿಟ್ಟಿಲ್ಲ."

ನಲವತ್ತು ವರ್ಷದಿಂದ ಬಣ್ಣ ಕಲಸಿಕೊಂಡು ಬಂದ ಮನುಷ್ಯ. ಯಾರೂ ಬರೆದಿಡದ ಬಣ್ಣವೊಂದು ಇದೇ ಊರಿನ ಕುಂಡದೊಳಗೆ ಮಲಗಿದೆ ಎಂದ ಕೂಡಲೆ ಅವರ ಕೋಪ ಇಳಿಯಿತು. "ಇನ್ನೂ ಎಷ್ಟು ಹಲ್ಲು ಉಳಿದಿವೆ ನೋಡು," ಎಂದರು. ಮೇಡಂ ಡಾಕ್ಟರ ಪಟ್ಟಿ ತೆಗೆದು ನೋಡಿದರು. ಮೂರು ಹುಳುಕು, ಎಡಗಡೆಯದೊಂದು ರೂಟ್ ಕೆನಾಲ್, ಒಂದು ಟೋಪಿ.

ಹುಳುಕುಗಳು ಮುಗಿದವು. ಟೋಪಿಯೂ ಕೂತಿತು. ಗೆಡ್ಡೆ ಮಾತ್ರ ಮಿಸುಕಲಿಲ್ಲ. ಬರೀ ಮಣ್ಣು ತುಂಬಿದ ಕುಂಡ ಕಂಡು ಡಾಕ್ಟರಿಗೆ ಬೇಸರ. "ಅತ್ತೆ, ಇದನ್ನ ತೆಗೆದು ಪ್ಲಾಸ್ಟಿಕ್ ಗಿಡ ಒಂದು ಇಡೋಣ. ನೋಡೋಕೆ ಲಕ್ಷಣವಾಗಿರುತ್ತೆ."

"ಅದು ಮಲಗಿದೆ ಅಷ್ಟೇ ಅಳಿಯಂದ್ರೇ," ಎಂದರು ಅತ್ತೆ ಚೀಟಿ ಹರಿಯುತ್ತ. "ನೀವೂ ಮಧ್ಯಾಹ್ನ ಮಲಗ್ತೀರಿ. ನಾನೇನು ನಿಮ್ಮನ್ನ ಎತ್ತಿ ಹೊರಗಿಡ್ತೀನಾ?"

ಪೇಂಟರು ಕಾಯುವ ಹೊತ್ತಿನಲ್ಲಿ ಅತ್ತೆಯನ್ನು ಮಾತಿಗೆಳೆದು, ಗಿಡದ ಪೂರ್ವೋತ್ತರವನ್ನು ಮೆಲ್ಲಗೆ ಹೊರಗೆಡವಿದ್ದರು. ಒಂಬತ್ತು ವರ್ಷದ ಹಿಂದೆ ಘಟ್ಟದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಡ್ರೈವರನ್ನು ಬೈದು ಬೈದು ಸಾಕಾಗಿ ಅತ್ತೆ ಕೆಳಗಿಳಿದರಂತೆ. ಹಳ್ಳದ ಪಕ್ಕ ಚುಕ್ಕೆ ದಂಟು ಕಂಡು, ಕೊಡೆಯ ತುದಿಯಿಂದ ಅಗೆದು, ನಿಂಬೆಗಾತ್ರದ ಗೆಡ್ಡೆಯನ್ನು ಕರವಸ್ತ್ರದಲ್ಲಿ ಕಟ್ಟಿ ತಂದರಂತೆ. ಹೂ ಮಾತ್ರ ಒಮ್ಮೆಯೂ ಬಿಟ್ಟಿರಲಿಲ್ಲ.

ಕೊನೆಗೊಂದು ದಿನ ಮಣ್ಣು ಸೀಳಿ ಬೆರಳುದ್ದದ ಚೂಪು ಮೊಳಕೆ ಎದ್ದಿತು. ಮೇಡಂ ಅದನ್ನು ನೋಡಿ ಗಂಡನ ತೋಳು ಚಿವುಟಿದರು. "ಎಲೆ ಅಲ್ಲ. ಹೂ. ಗುರುವಾರದ ಹೊತ್ತಿಗೆ ಅರಳುತ್ತೆ." ಉಳಿದಿದ್ದ ಒಂದೇ ಒಂದು ರೂಟ್ ಕೆನಾಲಿನ ಮೊದಲ ಕಂತನ್ನು ಮಂಗಳವಾರಕ್ಕೂ ಎರಡನೆಯದನ್ನು ಗುರುವಾರಕ್ಕೂ ಬರೆಸಿದರು.

ಗೆಡ್ಡೆಗೆ ವಾರ ತಿಥಿ ಗೊತ್ತಿಲ್ಲ. ಅದು ಮಂಗಳವಾರವೇ ಅರಳಿತು.

ಆ ದಿನ ಮೇಡಂ ಮೀಟಿಂಗಿನಲ್ಲಿದ್ದರು. ಅತ್ತೆ ಕಣ್ಣು ತೋರಿಸಲು ಹೋಗಿದ್ದರು. ಪೇಂಟರೊಬ್ಬರೇ ಕೆಲಸದಿಂದ ನೇರ ಬಂದು, ಬಣ್ಣದ ಡಬ್ಬಿಗಳ ಚೀಲವನ್ನು ಬಾಗಿಲ ಬಳಿ ಇಟ್ಟು, ಕುಂಡದ ಕಡೆ ಕಣ್ಣು ಹಾಯಿಸಿದರು. ಮೊಗ್ಗು ಮುಚ್ಚಿಕೊಂಡೇ ಇತ್ತು. ನಿಶ್ಚಿಂತೆಯಿಂದ ಒಳಗೆ ಹೋಗಿ ಬಾಯಿ ತೆರೆದು ಮಲಗಿದರು. ಡಾಕ್ಟರು ಮರಗಟ್ಟಿಸುವ ಸೂಜಿ ಚುಚ್ಚಿದರು. ತುಟಿ, ಕೆನ್ನೆ, ಅರ್ಧ ನಾಲಗೆ ಎಲ್ಲ ಹೇಳದೆ ಕೇಳದೆ ಹೊರಟುಹೋದವು.

ನಾಲ್ಕೂವರೆಗೆ ವಾಸನೆ ಶುರುವಾಯಿತು. ಸತ್ತ ಇಲಿಯನ್ನು ಮೀನಿನ ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಬಿಸಿಲಲ್ಲಿ ಮರೆತರೆ ಹೇಗೋ ಹಾಗೆ. ಬೇರೆ ಜಾಗವಾಗಿದ್ದರೆ ಜನ ಅಕ್ಕಪಕ್ಕದವರನ್ನು ಅನುಮಾನಿಸುತ್ತಿದ್ದರು. ಹಲ್ಲಿನ ಡಾಕ್ಟರಲ್ಲಿಗೆ ಬಂದವರು ತಮ್ಮನ್ನೇ ಅನುಮಾನಿಸಿಕೊಂಡರು. ಹೊರಗೆ ಕೂತಿದ್ದ ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದರು. ದಪ್ಪ ಮೀಸೆಯ ಪೊಲೀಸಿನವರು ಅಂಗೈಗೆ ಉಸಿರು ಬಿಟ್ಟು, ಮೂಸಿ, ಹೌಹಾರಿದರು.

ಒಳಗೆ ಡಾಕ್ಟರು ಪೇಂಟರ ಬಾಯಿಯ ಮೇಲೆ ಬಗ್ಗಿದವರು ಹಾಗೇ ನಿಂತರು. ಒಂದು ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಹಾಕಿಕೊಂಡರು. "ಸಾರ್, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆ ಏನು ತಿಂದ್ರಿ?"

ಪೇಂಟರು ಮೂಗೆಳೆದರು. ಈ ಬಳಗದ ಹೂ ಅರಳಿದಾಗ ಬರುವ ನಾತವನ್ನು ಮೇಡಂ ಎಷ್ಟೋ ಸಲ ವರ್ಣಿಸಿದ್ದರು. ಅವರ ಕಣ್ಣು ಅರಳಿತು.

ಅಷ್ಟರಲ್ಲಿ ಹೊರಗಿನಿಂದ ಪೊಲೀಸಿನವರು, "ಡಾಕ್ಟ್ರೇ, ಇಲ್ಲಿ ಏನೋ ಸತ್ತಿದೆ!" ಎಂದು ಕೂಗಿದರು. ಡಾಕ್ಟರು ಓಡಿದರು. ಚರಂಡಿಯ ಜಾಲರಿ ಎತ್ತಿ ನೋಡಿದರು, ಮೀನಿನ ತೊಟ್ಟಿಗೆ ಮೂಗು ಹಾಕಿದರು, ಕೊನೆಗೆ ಕಿಟಕಿಯ ಬಳಿ ಬಂದರು. ಅತ್ತೆ ಮನೆಯಲ್ಲಿಲ್ಲ ಎಂಬ ಧೈರ್ಯದಲ್ಲಿ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಬೀದಿಯ ಕಸದ ತೊಟ್ಟಿಯ ಕಡೆ ಹೊರಟರು.

ಪೇಂಟರು ಕುರ್ಚಿಯಿಂದ ಹಾರಿದರು. ಕೊರಳಲ್ಲಿ ಹಸಿರು ಬಟ್ಟೆ, ಬಾಯಿಂದ ನೇತಾಡುವ ಎಂಜಲು ಹೀರುವ ನಳಿಗೆ. ಬಾಗಿಲಿಗೆ ಅಡ್ಡ ನಿಂತು "ಬಿಡಿ" ಎಂದು ಗರ್ಜಿಸಿದರು. ಮರಗಟ್ಟಿದ ತುಟಿಯಲ್ಲಿ ಅದು "ಇಡಿ" ಎಂದಾಯಿತು. ಡಾಕ್ಟರು ಗಾಬರಿಯಲ್ಲಿ ಇಟ್ಟುಬಿಟ್ಟರು. ಪೇಂಟರು ಕುಂಡವನ್ನು ತಬ್ಬಿಕೊಂಡು ನೆಲದ ಮೇಲೆ ಕೂತು ಹೆಂಡತಿಗೆ ಫೋನು ಹಚ್ಚಿದರು.

"ಊ ಅಅಳ್ತಿದೆ!"

"ಅಳ್ತಿದೆಯಾ? ಯಾವುದು, ಮಗುನಾ?" ಮೇಡಂ ದನಿ ಪಿಸುಗುಟ್ಟುವಂತಿತ್ತು. "ಯಾರ ಮಗು ರೀ? ನಾನು ಮೀಟಿಂಗಲ್ಲಿದ್ದೀನಿ."

"ಅಗು ಅಲ್ಲ! ಊ! ಊ!"

"ನಾಯಿನಾ?"

ಪೇಂಟರು ಉಸಿರೆಳೆದು, ಇದ್ದ ಬಲವನ್ನೆಲ್ಲ ಅರ್ಧ ನಾಲಗೆಗೆ ತಂದು, "ಎಡ್ಡೆ!" ಎಂದರು.

ಆ ಕಡೆ ಕುರ್ಚಿಯೊಂದು ಮಗುಚಿ ಬಿದ್ದ ಸದ್ದಾಯಿತು. ನಿರ್ದೇಶಕರು ಭಾಷಣದ ನಡುವೆ ಇದ್ದರಂತೆ. ಮೇಡಂ ಹೇಳದೆಯೇ ಎದ್ದು ಹೋದರಂತೆ.

ಅವರು ಬರಲು ನಲವತ್ತು ನಿಮಿಷ ಬೇಕಿತ್ತು. ಹೂವಿನ ಬಣ್ಣ ನೋಡನೋಡುತ್ತಲೇ ಬದಲಾಗುತ್ತಿತ್ತು. ಪೇಂಟರು ಎಕ್ಸರೇ ಲಕೋಟೆಯೊಂದನ್ನು ಹರಿದು ಬಿಡಿಸಿ, ಡಬ್ಬಿಗಳ ಮುಚ್ಚಳ ತೆಗೆದು ಕೂತರು. ಒಂದೇ ಒಂದು ದೊಡ್ಡ ದಳ, ದೋಣಿಯಂತೆ ಸುತ್ತಿ ನಿಂತಿತ್ತು. ಹೊರಮೈ ಹಳೇ ತಾಮ್ರ. ಒಳಮೈ ಬದನೆಕಾಯಿ ಬಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಹಾಗೆ, ಬುಡಕ್ಕೆ ಹೋದಂತೆ ಕೊಂಚ ಹೊಗೆ. ನಡುವೆ ಮೇಣದಂಥ ದಿಂಡು. ಮೂರು ಸಲ ಕಲಸಿ ಚೆಲ್ಲಿದರು. ನಾಲ್ಕನೆಯ ಸಲ ಸಿಕ್ಕಿತು. ಟೀಚರು ಮತ್ತು ಪೊಲೀಸಿನವರು ಮೂಗು ಹಿಡಿದುಕೊಂಡೇ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಇಷ್ಟು ನಾರುವ ವಸ್ತು ಇಷ್ಟು ಚೆಂದ ಇರಬಹುದೆಂದು ಅವರಿಬ್ಬರಿಗೂ ಹೊಳೆದಿರಲಿಲ್ಲ. ಪೇಂಟರ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅದರ ಪರಿವೆ ಅವರಿಗಿರಲಿಲ್ಲ.

ಮೇಡಂ ಬಂದವರೇ ಮಂಡಿಯೂರಿ, ಹೂವಿನೊಳಗೆ ಮುಖವಿಟ್ಟು, ಮಲ್ಲಿಗೆ ಮೂಸುವವರಂತೆ "ಆಹಾ" ಎಂದರು. ಆಮೇಲೆ ಗಂಡನ ಚಿತ್ರ ನೋಡಿದರು. ತಮ್ಮ ಸೆರಗಿನಿಂದ ಅವರ ಗಲ್ಲ ಒರೆಸಿದರು.

ಸರಿಯಾಗಿ ಆಗಲೇ ಅತ್ತೆ, ಕಣ್ಣಿಗೆ ಹನಿ ಹಾಕಿಸಿಕೊಂಡು, ಗೋಡೆ ತಡವುತ್ತ ಒಳಗೆ ಬಂದರು. ಹೊಸಿಲಲ್ಲೇ ನಿಂತು, "ಅಳಿಯಂದ್ರೇ, ಯಾರ ಬಾಯಿ ತೆಗೆಸಿದ್ರಿ?" ಎಂದರು.

ಮುಚ್ಚಿಟ್ಟದ್ದನ್ನೆಲ್ಲ ಮೇಡಂ ಆಗ ಬಾಯಿಬಿಟ್ಟರು. ಡಾಕ್ಟರು ಬಾಯಿ ತೆರೆದು ಕೇಳಿದರು. ಅತ್ತೆ ಒಂದೇ ಪ್ರಶ್ನೆ ಕೇಳಿದರು: "ಈಗ ಏನು ಮಾಡ್ಬೇಕು ಅಂತೀರಿ?"

"ಒಂದು ಪಕ್ಕ ಸ್ವಲ್ಪ ಕತ್ತರಿಸಿ ಒಳಗೆ ನೋಡ್ಬೇಕಮ್ಮಾ. ಬುಡದಲ್ಲಿ ಹೆಣ್ಣು ಹೂ, ಮೇಲೆ ಗಂಡು ಹೂ ಇರ್ತವೆ. ನಡುವೆ ಏನಿದೆ ಅನ್ನೋದೇ ಮುಖ್ಯ. ಅದರ ಮೇಲೇ ಜಾತಿ ನಿಲ್ಲೋದು."

"ಕತ್ತರಿ ಹಾಕಿದ ಕೈ ನನ್ನ ಹತ್ರ ಬಿಟ್ಟು ಹೋಗ್ಬೇಕಾಗುತ್ತೆ," ಎಂದರು ಅತ್ತೆ.

ಆಗ ಡಾಕ್ಟರು ಕೆಮ್ಮಿದರು. "ಮೇಡಂ, ನಾನು ಇಪ್ಪತ್ತು ವರ್ಷದಿಂದ ಏನನ್ನೂ ಕತ್ತರಿಸದೆ ಕತ್ತಲೊಳಗೆ ನೋಡೋ ಕೆಲಸಾನೇ ಮಾಡ್ತಿರೋದು."

ಕುಂಡವನ್ನು ಒಳಗೊಯ್ದು ರೋಗಿಯ ಕುರ್ಚಿಯ ಮೇಲೆ ಕೂರಿಸಿದರು. ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರು. ದೀಪ ಹಾಕಿ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಡಾಕ್ಟರು ಹೂವಿನೊಳಗೆ ಇಳಿಬಿಟ್ಟರು. "ಆ ಅನ್ನಿ," ಎಂದು ಅಭ್ಯಾಸಬಲದಿಂದ ಹೇಳಿ, ನಾಲಗೆ ಕಚ್ಚಿಕೊಂಡರು.

"ಕೆಳಗಿನ ಸಾಲು ಹಸಿರು, ಗುಂಡಗೆ. ಒಂದಕ್ಕೊಂದು ಒತ್ತಿಲ್ಲ, ಜಾಗ ಇದೆ. ಮೇಲಿನ ಸಾಲು ಕೆನೆ ಬಣ್ಣ, ಇನ್ನೂ ಪುಡಿ ಬಿಟ್ಟಿಲ್ಲ. ನಡುವೆ... ಅತ್ತೆ, ನಂಬಲ್ಲ ನೀವು. ನಡುವೆ ಸಾಲಾಗಿ ದವಡೆ ಹಲ್ಲು! ನಾಲ್ಕು ಮೊನೆ, ಮಧ್ಯೆ ಕುಳಿ. ಒಂದು, ಎರಡು... ಹದಿನಾಲ್ಕು. ಹುಳುಕು ಒಂದೂ ಇಲ್ಲ."

ಮೇಡಂ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ಇಡೀ ಬಳಗದಲ್ಲಿ ನಡುವಿನ ಬಂಜೆ ಹೂಗಳು, ಅಂದರೆ ಗಂಡೂ ಹೆಣ್ಣೂ ಅಲ್ಲದವು, ಹಲ್ಲಿನ ಆಕಾರದಲ್ಲಿ ಇರುವುದನ್ನು ಅವರು ಕಂಡಿರಲಿಲ್ಲ. ಹೊಸ ಜಾತಿ ಎಂಬುದಕ್ಕೆ ಇನ್ನು ಅನುಮಾನವಿರಲಿಲ್ಲ.

ಆದರೆ ಕುಂಡದ ಗಿಡವೊಂದನ್ನು ನೆಚ್ಚಿಕೊಂಡು ಅವರಿಗೆ ತೃಪ್ತಿಯಿಲ್ಲ. ಕಾಡಿನಲ್ಲಿ ಅದು ಎಲ್ಲಿದೆ ಎಂದು ತೋರಿಸಬೇಕು, ಒಂದು ಗಿಡವನ್ನು ಒಣಗಿಸಿ ಕಪಾಟಿನಲ್ಲಿಡಬೇಕು. ಮುಂದಿನ ಭಾನುವಾರ ಡಾಕ್ಟರ ಕಾರಿನಲ್ಲಿ ನಾಲ್ವರೂ ಘಟ್ಟ ಹತ್ತಿದರು. ಮುಂದಿನ ಸೀಟಿನಲ್ಲಿ ಅತ್ತೆ. "ಈ ತಿರುವೇ," ಎಂದರು. ಇಳಿದು ನೋಡಿದರೆ ಹಳ್ಳವೇ ಇಲ್ಲ. "ಹಾಗಾದ್ರೆ ಮುಂದಿನದು." ಹೀಗೆ ಏಳು ತಿರುವು. ಪ್ರತಿ ತಿರುವಿನಲ್ಲೂ ಅತ್ತೆ, ಬಸ್ಸು ಕೆಟ್ಟ ದಿನ ಡ್ರೈವರಿಗೆ ಬೈದದ್ದನ್ನು ಮೊದಲಿನಿಂದ ಹೇಳುತ್ತಿದ್ದರು. ಎಂಟನೆಯ ತಿರುವಿನಲ್ಲಿ ಬೈಗುಳ ಅರ್ಧಕ್ಕೇ ನಿಲ್ಲಿಸಿ, "ಇಲ್ಲೇ. ಆ ಬಂಡೆ ಮೇಲೆ ಕೂತು ಚಪ್ಪಲಿ ಒಣಗಿಸಿದ್ದೆ," ಎಂದರು.

ಬಂಡೆಯ ಹಿಂದೆ, ಹಳ್ಳದ ಗುಂಟ, ಗುಲಾಬಿ ಚುಕ್ಕೆಯ ದಂಟುಗಳು ನಲವತ್ತೊಂದು. ಪೇಂಟರು ಎಣಿಸಿದರು. ಮೇಡಂಗೆ ಎಣಿಸುವ ಸ್ಥಿತಿ ಇರಲಿಲ್ಲ, ಒಂದು ಕಲ್ಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಪೇಂಟರು ಪಕ್ಕದಲ್ಲಿ ಬಂದು ಕೂತರು. ಆಕೆ ಅವರತ್ತ ತಿರುಗಿ, ಬಹಳ ಹೊತ್ತು ಮುಖ ನೋಡಿ, "ಮೀಸೆ ಯಾವಾಗ ತೆಗೆದ್ರಿ?" ಎಂದರು.

ಹೆಸರಿಡುವ ಮಾತು ಬಂದಾಗ ಡಾಕ್ಟರು, ಕನ್ನಡಿ ಹಿಡಿದವರ ಹೆಸರನ್ನೂ ಇಡುವುದುಂಟೇ ಎಂದು ಮೂರು ಸಲ ಸುತ್ತಿ ಬಳಸಿ ಕೇಳಿದರು. ಮೇಡಂಗೆ ಅತ್ತೆಯ ಹೆಸರಿಡಬೇಕೆಂದಿತ್ತು. ಅತ್ತೆ ಮೊದಲು ಗಿಡದ ಕುಲದ ಹೆಸರಿನ ಅರ್ಥ ಕೇಳಿದರು. ಮೇಡಂ ಕೆಂಪಾಗಿ, "ಆಕಾರಗೆಟ್ಟ... ಒನಕೆ ಅಂತ ಇಟ್ಕೊಳ್ಳಿ ಅಮ್ಮಾ," ಎಂದರು. ಪೇಂಟರಿಗೆ ನಿಜವಾದ ಅರ್ಥ ಗೊತ್ತಿತ್ತು, ಅದರಲ್ಲಿ ಒನಕೆಯ ಜಾಗದಲ್ಲಿ ಗಂಡಸಿನ ಅಂಗವಿತ್ತು. ಅವರಿಗೆ ಆ ಕ್ಷಣಕ್ಕೆ ಸರಿಯಾಗಿ ಕೆಮ್ಮು ಬಂತು.

"ಅಷ್ಟು ನಾರೋದಕ್ಕೆ ನನ್ನ ಹೆಸರು ಬೇಡ," ಎಂದರು ಅತ್ತೆ. "ಹಾಗಂತ ಇವರ ಹೆಸರೂ ಬೇಡ, ತಲೆ ಮೇಲೆ ಕೂತ್ಕೋತಾರೆ. ಸುಮ್ಮನೆ ಅತ್ತೆ ಅಂತ ಇಡಿ. ಲೋಕದಲ್ಲಿರೋ ಅತ್ತೆಯರಿಗೆಲ್ಲ ಹಂಚಿಹೋಗ್ಲಿ."

ಲ್ಯಾಟಿನ್ನಿನಲ್ಲಿ ಹಾಗೇ ಆಯಿತು. ಲೇಖನ ಅಚ್ಚಾಗಲು ಹನ್ನೊಂದು ತಿಂಗಳು ಹಿಡಿಯಿತು. ತಜ್ಞರೊಬ್ಬರು 'ಬದನೆಗೆ ಇಟ್ಟಿಗೆ ಪುಡಿ' ಎಂಬ ಬಣ್ಣ ಶಾಸ್ತ್ರೀಯವಲ್ಲ ಎಂದು ತಕರಾರು ತೆಗೆದರು. ಮೇಡಂ ಲಕೋಟೆಯ ಚಿತ್ರವನ್ನೇ ಕಳಿಸಿದರು. ತಜ್ಞರು ಒಪ್ಪಿದರು.

ಡಾಕ್ಟರು ಆ ಚಿತ್ರದ ದೊಡ್ಡ ಪ್ರತಿಯೊಂದನ್ನು, ಕನ್ನಡಿಯಲ್ಲಿ ಕಂಡ ಒಳಭಾಗವನ್ನೂ ಸೇರಿಸಿ, ಪೇಂಟರ ಕೈಯಲ್ಲೇ ಬರೆಸಿ, ಕಟ್ಟು ಹಾಕಿಸಿ, ಸ್ಟೀಲ್ ಕುರ್ಚಿಗಳ ಎದುರಿಗೆ ತೂಗುಹಾಕಿದರು. ಸೀಳಿದಂತೆ ಬರೆದ ದಳದೊಳಗೆ ಕಡುಗೆಂಪು ಗೋಡೆ, ನಡುವಿನ ದಿಂಡಿನ ಮೇಲೆ ಸಾಲಾಗಿ ಹದಿನಾಲ್ಕು ದವಡೆ ಹಲ್ಲು. ಮೊದಲ ದಿನವೇ ಕಾಯುತ್ತಿದ್ದ ಒಬ್ಬ ಅಕ್ಕಸಾಲಿಗರು ಅದನ್ನು ಕಣ್ಣಿಟ್ಟು ನೋಡಿ, ಬಿಳಿಚಿಕೊಂಡು, "ಇದು ಯಾವ ಕಾಯಿಲೆ ಅಮ್ಮಾ?" ಎಂದು ಕೇಳಿದರು.

ಅತ್ತೆ ಚೀಟಿ ಹರಿದು ಅವರ ಕೈಗಿಟ್ಟರು.

"ರಾತ್ರಿ ಹಲ್ಲು ಉಜ್ಜದೆ ಮಲಗ್ತಾರಲ್ಲ, ಅವರಿಗೆ ಬರೋದು."